ಹಸಿರನ್ನು ಕೊನೆಗೆ ನೋಡಿ: ಘಟ್ಟದ ಮೇಲೆ ಕೂತು ಕಡಲಿನ ನಕ್ಷೆ ಓದುವ ಬಗೆ

ಭೂಪಟದಲ್ಲಿ ಚಿಕ್ಕಮಗಳೂರಿನ ಮೇಲೆ ಬೆರಳಿಟ್ಟು ನೇರ ಪಶ್ಚಿಮಕ್ಕೆ ಎಳೆಯಿರಿ. ಬೆರಳು ಘಟ್ಟ ಇಳಿದು ಮಲ್ಪೆಯ ಹತ್ತಿರ ಕಡಲು ಮುಟ್ಟುತ್ತದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13.3 ಡಿಗ್ರಿ ಉತ್ತರ. ಹಾಸನದವರು ಹೀಗೇ ಎಳೆದರೆ ಸುರತ್ಕಲ್ ಸಿಗುತ್ತದೆ, 13 ಡಿಗ್ರಿ. ನಾನು ಹುಟ್ಟಿದ್ದು ಮಲ್ಪೆಯಲ್ಲಿ. ಈಗ ಚಿಕ್ಕಮಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗೆರೆಯ ಆ ತುದಿಯಲ್ಲಿ ನನ್ನ ತಮ್ಮ ಬೋಟಿಗೆ ಹೋಗುತ್ತಾನೆ. ಈ ತುದಿಯಲ್ಲಿ ನಾನು ಮಕ್ಕಳ ಜೊತೆ ಅವನ ಕಡಲಿನ ಉಪಗ್ರಹ ನಕ್ಷೆ ನೋಡುತ್ತೇನೆ. ಆ ನಕ್ಷೆ ಓದುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಕ್ಷೆ ತೆರೆದ ಕೂಡಲೇ ಎಲ್ಲರ ಕಣ್ಣೂ ಹಸಿರಿಗೆ ಹೋಗುತ್ತದೆ. ಆ ಹಸಿರು ಫೈಟೋಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸಣ್ಣ ಪಾಚಿಗಳು. ಭೂಮಿಯ ಮೇಲೆ ಬಿಸಿಲಿನಿಂದ ಆಹಾರ ತಯಾರಾಗುವ ಕೆಲಸದಲ್ಲಿ ಸುಮಾರು ಅರ್ಧ ಪಾಲು ಇವುಗಳದ್ದು. ಬೂತಾಯಿ, ಬಂಗುಡೆ ಮೀನುಗಳು ಬದುಕುವುದೇ ಇವುಗಳ ಮೇಲೆ. ಆದರೂ ನಾನು ಮಕ್ಕಳಿಗೆ ಹೇಳುವುದು ಒಂದೇ. ಹಸಿರನ್ನು ಕೊನೆಗೆ ನೋಡಿ. ಮೊದಲು ಗಾಳಿ ಮತ್ತು ಹರಿವು, ಆಮೇಲೆ ನೀರಿನ ಬಿಸಿ, ಆಮೇಲೆ ಎರಡು ಬಗೆಯ ನೀರು ಸೇರುವ ಗಡಿ, ಕಡೆಗೆ ಹಸಿರು. ಕಡಲಿನಲ್ಲಿ ಕೆಲಸ ನಡೆಯುವುದೂ ಇದೇ ಕ್ರಮದಲ್ಲಿ.

ಬೆಳಕು ಮೇಲೆ, ಗೊಬ್ಬರ ಕೆಳಗೆ

ತೋಟದ ಮನೆಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಮರಗಸಿ ಮಾಡಿ ಬೆಳಕು ಬಿಡುತ್ತೀರಿ, ಬುಡಕ್ಕೆ ಗೊಬ್ಬರ ಕೊಡುತ್ತೀರಿ. ಕಾಫಿ ಗಿಡ ನಿಂತ ಜಾಗದಲ್ಲೇ ಅದಕ್ಕೆ ಎರಡೂ ಸಿಗುತ್ತವೆ. ಕಡಲಿನ ಪಾಚಿಗೆ ಆ ಅನುಕೂಲ ಇಲ್ಲ. ಬೆಳಕು ಮೇಲೆ ಮಾತ್ರ. ತಿಳಿ ನೀರಿನ ನಡುಗಡಲಿನಲ್ಲೂ ಸುಮಾರು 100 ಮೀಟರ್ ಇಳಿಯುವಷ್ಟರಲ್ಲಿ ಬೆಳಕು ಹೆಚ್ಚುಕಡಿಮೆ ಮುಗಿದಿರುತ್ತದೆ. ಕರಾವಳಿಯ ಕೆಸರು ನೀರಿನಲ್ಲಿ ಅದಕ್ಕಿಂತ ಬಹಳ ಬೇಗ. ಗೊಬ್ಬರ ಇರುವುದು ಕೆಳಗೆ. ಸತ್ತದ್ದೆಲ್ಲ ಮುಳುಗಿ ಆಳದಲ್ಲಿ ಕೊಳೆಯುತ್ತದೆ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಎಲ್ಲ ಆ ತಣ್ಣನೆಯ ನೀರಿನಲ್ಲಿ ಸೇರಿಕೊಳ್ಳುತ್ತವೆ.

ತಣ್ಣೀರು ಭಾರ, ಬಿಸಿನೀರು ಹಗುರ. ಹಾಗಾಗಿ ಬೇಸಿಗೆಯಲ್ಲಿ ಬಿಸಿ ಪದರ ಮೇಲೆ ಕೂತು ಬಿಡುತ್ತದೆ. ಕೆಳಗಿನ ಗೊಬ್ಬರ ಕೆಳಗೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಎದುರಿನ ನೀರು 30 ಡಿಗ್ರಿ ದಾಟುತ್ತದೆ, ಬಿಸಿಲಿಗೆ ಏನೂ ಕೊರತೆ ಇಲ್ಲ. ಆದರೂ ದಡ ಬಿಟ್ಟು ಸ್ವಲ್ಪ ಆಚೆ ಹೋದರೆ ನಕ್ಷೆ ನೀಲಿ. ಯಾಕೆ ಅಂತ ಮಕ್ಕಳನ್ನು ಕೇಳಿ. "ಬಿಸಿಲು ಇದೆ, ಗೊಬ್ಬರ ಇಲ್ಲ" ಅನ್ನುವ ಉತ್ತರ ಅವರೇ ಕೊಡುತ್ತಾರೆ.

ಇಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆ, ಕೆಳಗಿನ ನೀರನ್ನು ಮೇಲೆ ತರುವವರು ಯಾರು?

ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ

ಗಾಳಿ ಬೀಸಿದ ದಿಕ್ಕಿಗೇ ನೀರು ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಉತ್ತರ ಧ್ರುವದ ಕಡೆ ಹಡಗಿನಲ್ಲಿ ಹೋಗಿದ್ದ ನಾನ್ಸೆನ್, ಮಂಜುಗಡ್ಡೆಗಳು ಗಾಳಿಯ ದಿಕ್ಕಿನಿಂದ ಬಲಕ್ಕೆ ಸರಿಯುವುದನ್ನು ಗಮನಿಸಿದರು. ಅದಕ್ಕೆ ಲೆಕ್ಕ ಕೊಟ್ಟವರು ಸ್ವೀಡನ್ನಿನ ಎಕ್ಮನ್, 1905ರಲ್ಲಿ. ಭೂಮಿ ತಿರುಗುವುದರಿಂದ ನಮ್ಮ ಉತ್ತರಾರ್ಧದಲ್ಲಿ ಮೇಲಿನ ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸಾಗುತ್ತದೆ.

ಇದನ್ನು ನಮ್ಮ ಕರಾವಳಿಗೆ ಹೊಂದಿಸುವುದು ಸುಲಭ. ಕಾರವಾರದ ಕಡೆಗೆ ಬೆನ್ನು ಮಾಡಿ, ಮಂಗಳೂರಿನ ಕಡೆಗೆ ಮುಖ ಮಾಡಿ ನಿಂತಿದ್ದೀರಿ ಅಂದುಕೊಳ್ಳಿ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದೆ. ನಿಮ್ಮ ಬಲಗೈ ಕಡೆ ಕಡಲು. ಮೇಲಿನ ನೀರು ಆ ಕಡೆ, ದಡದಿಂದ ದೂರಕ್ಕೆ ಸರಿಯುತ್ತದೆ. ಖಾಲಿಯಾದ ಜಾಗ ತುಂಬಲು ದಡದ ಪಕ್ಕದಲ್ಲಿ ಕೆಳಗಿನ ತಣ್ಣೀರು ಮೇಲೇಳುತ್ತದೆ. ಇದಕ್ಕೇ ಅಪ್‌ವೆಲ್ಲಿಂಗ್ ಅನ್ನುವುದು.

ನಮ್ಮ ಕಡಲಿನಲ್ಲಿ ಇಷ್ಟೇ ಅಲ್ಲ, ಇನ್ನೊಂದು ಕಾರಣವೂ ಸೇರುತ್ತದೆ. ಮಳೆಗಾಲದಲ್ಲಿ ಕರ್ನಾಟಕದ ದಡಕ್ಕೆ ಸಮಾನಾಂತರವಾಗಿ ಬೀಸುವ ಗಾಳಿಯ ಪಾಲು ಕಡಿಮೆ. ಜಾಸ್ತಿ ಗಾಳಿ ದಡದ ಕಡೆಗೇ ಬರುತ್ತದೆ. ಆದರೂ ತಣ್ಣೀರು ಮೇಲೇಳುತ್ತದೆ. ಬಂಗಾಳ ಕೊಲ್ಲಿ ಮತ್ತು ಶ್ರೀಲಂಕಾದ ಸುತ್ತ ಗಾಳಿ ಬದಲಾದಾಗ ಹುಟ್ಟುವ ಆಳದ ಅಲೆಗಳು ದಡ ಹಿಡಿದು ಇಲ್ಲಿಯವರೆಗೂ ಬರುತ್ತವೆ. ಬಂದು ತಣ್ಣೀರಿನ ಪದರವನ್ನು ಮೇಲಕ್ಕೆತ್ತುತ್ತವೆ. ಅದಕ್ಕೇ ಮಲ್ಪೆಯ ಗಾಳಿಯನ್ನಷ್ಟೇ ನೋಡಿದರೆ ಮಲ್ಪೆಯ ನೀರು ಅರ್ಥ ಆಗುವುದಿಲ್ಲ. ಮೇ ತಿಂಗಳಲ್ಲಿ ಕೇರಳದ ದಕ್ಷಿಣ ತುದಿಯಿಂದಲೇ ನೋಡುತ್ತಾ ಬನ್ನಿ. ಅಲ್ಲಿ ಶುರುವಾದ ತಂಪು ಮುಂದಿನ ವಾರಗಳಲ್ಲಿ ಉತ್ತರಕ್ಕೆ ಹಬ್ಬುವುದು ಗೊತ್ತಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು.

ತರಗತಿಯಲ್ಲಿ ಇದನ್ನು ತೋರಿಸಲು ಒಂದು ಉದ್ದನೆಯ ಗಾಜಿನ ಮೀನಿನ ತೊಟ್ಟಿ ಸಾಕು. ಅದಕ್ಕೆ ಮುಕ್ಕಾಲು ಭಾಗ ಸಾದಾ ನೀರು ತುಂಬಿ. ಒಂದು ಜಗ್ಗಿನಲ್ಲಿ ಉಪ್ಪು ಚೆನ್ನಾಗಿ ಕರಗಿಸಿ, ನೀಲಿ ಬಣ್ಣ ಹಾಕಿ, ಸಣ್ಣ ಪೈಪಿನಲ್ಲಿ ನಿಧಾನವಾಗಿ ತೊಟ್ಟಿಯ ತಳಕ್ಕೆ ಬಿಡಿ. ಉಪ್ಪು ನೀರು ಭಾರ, ಅದು ತಳದಲ್ಲಿ ನೀಲಿ ಪದರವಾಗಿ ನಿಲ್ಲುತ್ತದೆ. ಈಗ ಮೇಲಿನಿಂದ ಮೆಲ್ಲಗೆ ಸಾದಾ ನೀರು ಸೇರಿಸಿ ತೊಟ್ಟಿಯನ್ನು ಅಂಚಿನವರೆಗೂ ತುಂಬಿಸಿ. ಈ ಹಂತ ಬಿಡಬೇಡಿ, ನೀರು ತಗ್ಗಿನಲ್ಲಿದ್ದರೆ ಗಾಜಿನ ಗೋಡೆ ಗಾಳಿಯನ್ನು ತಡೆಯುತ್ತದೆ. ಎಡ ತುದಿಯಿಂದ ಹೇರ್ ಡ್ರೈಯರ್ ಹಿಡಿದು ನೀರಿನ ಮೇಲೆ ಸವರಿದ ಹಾಗೆ ಗಾಳಿ ಬಿಡಿ. ಒದ್ದೆ ಕೈಯಲ್ಲಿ ಮುಟ್ಟಬಾರದು, ಅದನ್ನು ಹಿಡಿಯುವುದು ಟೀಚರ್ ಮಾತ್ರ. ಸ್ವಲ್ಪ ಹೊತ್ತಿಗೆ ಮೇಲಿನ ನೀರು ಬಲಕ್ಕೆ ಒತ್ತಿಕೊಳ್ಳುತ್ತದೆ, ಎಡ ತುದಿಯಲ್ಲಿ ನೀಲಿ ಪದರ ಮೇಲೇರುತ್ತದೆ. ತೊಟ್ಟಿಯಲ್ಲಿ ಭೂಮಿಯ ತಿರುಗುವಿಕೆಯ ಪರಿಣಾಮ ಕಾಣುವುದಿಲ್ಲ, ಹಾಗಾಗಿ ನೀರು ಗಾಳಿಯ ದಿಕ್ಕಿಗೇ ಹೋಗುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮೇಲಿನ ನೀರು ಸರಿದ ಕಡೆ ಕೆಳಗಿನದು ಏಳುತ್ತದೆ ಅನ್ನುವುದಷ್ಟೇ ಇಲ್ಲಿ ನೋಡಬೇಕಾದದ್ದು.

ಗಡಿ ಎಲ್ಲಿದೆ?

ಮೇಲೆ ಬಂದ ತಣ್ಣೀರು, ಆಚೆಗಿನ ಬಿಸಿನೀರು ಪಕ್ಕಪಕ್ಕ ನಿಲ್ಲುವ ಜಾಗವೇ ಫ್ರಂಟ್. ಇದು ಬಿಸಿಯ ವ್ಯತ್ಯಾಸದಿಂದ ಆಗಬಹುದು, ಉಪ್ಪಿನ ವ್ಯತ್ಯಾಸದಿಂದಲೂ ಆಗಬಹುದು. ಅಗಲ ಕೆಲವು ಮೀಟರ್‌ನಿಂದ ಹತ್ತಾರು ಕಿಲೋಮೀಟರ್‌ವರೆಗೆ. ಬೋಟಿನವರಿಗೆ ಇದು ಕಣ್ಣಿಗೇ ಕಾಣುತ್ತದೆ. ನೀರಿನ ಬಣ್ಣ ಒಂದು ಗೆರೆಯಲ್ಲಿ ಬದಲಾಗಿರುತ್ತದೆ. ಗೆರೆಯುದ್ದಕ್ಕೂ ನೊರೆ, ಕಡ್ಡಿ, ಎಲೆ, ಪ್ಲಾಸ್ಟಿಕ್ ಸಾಲಾಗಿ ನಿಂತಿರುತ್ತದೆ, ಮೇಲೆ ಹಕ್ಕಿಗಳು. ನಮ್ಮ ಅಪ್ಪ ಇಂಥ ಸಾಲು ಕಂಡರೆ ಎಂಜಿನ್ ನಿಧಾನ ಮಾಡುತ್ತಿದ್ದರು.

ಅಲ್ಲಿ ಏನಾಗುತ್ತದೆ ಅಂದರೆ, ಎರಡೂ ಕಡೆಯ ಮೇಲ್ನೀರು ಗೆರೆಯ ಕಡೆಗೆ ಬಂದು ಸೇರುತ್ತದೆ. ಭಾರವಾದದ್ದು ಹಗುರವಾದದ್ದರ ಅಡಿಗೆ ಜಾರುತ್ತದೆ. ತೇಲುವ ವಸ್ತುಗಳಿಗೆ ಕೆಳಗೆ ಹೋಗಲು ಆಗುವುದಿಲ್ಲ, ಗೆರೆಯ ಮೇಲೇ ಉಳಿಯುತ್ತವೆ. ಅದೇ ಸಮಯಕ್ಕೆ ಗೆರೆಯ ಪಕ್ಕದಲ್ಲಿ ನೀರು ಮೇಲಕ್ಕೂ ಬರುತ್ತಿರುತ್ತದೆ. ತೀಕ್ಷ್ಣವಾದ ಸಣ್ಣ ಫ್ರಂಟುಗಳಲ್ಲಿ ದಿನಕ್ಕೆ ಹತ್ತಾರು ಮೀಟರ್ ವೇಗದಲ್ಲಿ ನೀರು ಏರುವುದು, ಇಳಿಯುವುದು ನಡೆಯುತ್ತದೆ. ಬೇರೆ ಕಡೆ ಸಾಮಾನ್ಯವಾಗಿ ಈ ವೇಗ ಬಹಳ ಕಡಿಮೆ. ಗೊಬ್ಬರ ಬೆಳಕಿಗೆ ಬಂತು, ಪಕ್ಕದ ಹಗುರ ಪದರ ಪಾಚಿಯನ್ನು ಬೆಳಕಿನಲ್ಲೇ ಹಿಡಿದಿಟ್ಟಿತು. ಪಾಚಿಗೆ ಬೇಕಾದದ್ದು ಇಷ್ಟೇ.

ಇಲ್ಲಿ ಒಂದು ವಿಷಯ ಬಹಳ ಮುಖ್ಯ. ಗೆರೆಯ ಮೇಲೆ ಹಸಿರು ಕಂಡರೆ ಅದು ಅಲ್ಲೇ ಬೆಳೆದದ್ದೋ, ಬೇರೆ ಕಡೆಯಿಂದ ಬಂದು ಗುಡ್ಡೆಯಾದದ್ದೋ ಅಂತ ಕೇಳಬೇಕು. ಬೆಳೆದದ್ದಾದರೆ ಪಕ್ಕದಲ್ಲಿ ತಣ್ಣೀರಿನ ಪಟ್ಟಿ ಇರುತ್ತದೆ, ಹಸಿರು ದಿನದಿಂದ ದಿನಕ್ಕೆ ಅಗಲ ಆಗುತ್ತದೆ. ಗುಡ್ಡೆಯಾದದ್ದು ತೆಳ್ಳಗಿರುತ್ತದೆ, ಬಿಸಿನೀರಿನಲ್ಲೂ ಇರುತ್ತದೆ, ಗಾಳಿ ತಿರುಗಿದರೆ ಕರಗಿ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ, ಕಡಲು ಶಾಂತವಾಗಿರುವಾಗ ಕಾಣುವ ಕಂದು ಹಳದಿ ಪಟ್ಟೆಗಳು ಬಹಳ ಸಲ ಇಂಥವು. ಅದು ಟ್ರೈಕೋಡೆಸ್ಮಿಯಂ ಅನ್ನುವ ಇನ್ನೊಂದು ಬಗೆಯ ತೇಲುವ ಪಾಚಿ. ಅದಕ್ಕೆ ಕೆಳಗಿನ ನೈಟ್ರೇಟ್ ಬೇಕಿಲ್ಲ, ಗಾಳಿಯಿಂದ ಬಂದು ನೀರಿನಲ್ಲಿ ಕರಗಿದ ಸಾರಜನಕವನ್ನೇ ಬಳಸಿಕೊಳ್ಳುತ್ತದೆ. ಮೇಲಕ್ಕೆ ತೇಲಿ ಬಂದು ಮರದ ಹುಡಿಯ ಹಾಗೆ ಸಾಲುಗಟ್ಟುತ್ತದೆ. ತಣ್ಣೀರು ಎದ್ದು ಬೆಳೆಯುವ ಪಾಚಿಗಳಲ್ಲಿ ಡಯಾಟಮ್‌ಗಳೇ ಜಾಸ್ತಿ. ಇವಕ್ಕೆ ಸಿಲಿಕಾದ ಚಿಪ್ಪು ಇರುತ್ತದೆ, ಅದಕ್ಕೇ ಸಿಲಿಕೇಟ್ ಬೇಕು. ಬೂತಾಯಿಗೆ ಇಷ್ಟದ ಊಟ ಇವೇ.

ಈಗ ನಕ್ಷೆ ತೆರೆಯಿರಿ

ನಾಸಾದ ವರ್ಲ್ಡ್‌ವ್ಯೂ ತಾಣ ಉಚಿತ, ಮೊಬೈಲಿನಲ್ಲೂ ತೆರೆಯುತ್ತದೆ. ಮಲ್ಪೆಯ ಎದುರಿನ ಕಡಲನ್ನು ದೊಡ್ಡದು ಮಾಡಿಕೊಳ್ಳಿ. ಮೊದಲು ಕಾಣುವ ಬರೀ ಫೋಟೋ ಪದರವನ್ನು ತೆಗೆಯಬೇಡಿ. ಮೋಡ ಎಲ್ಲಿದೆ, ಕೆಸರು ಎಲ್ಲಿದೆ ಅಂತ ಹೇಳುವುದು ಅದೇ. ಗಾಳಿ ಮತ್ತು ಹರಿವಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ.

ಆಮೇಲೆ ಸಮುದ್ರದ ಮೇಲ್ಮೈ ಉಷ್ಣತೆಯ ಪದರ ಸೇರಿಸಿ. ಅದರ ಬಣ್ಣದ ಪಟ್ಟಿ ಇಡೀ ಜಗತ್ತಿಗೆ ಹೊಂದುವ ಹಾಗೆ ಇರುತ್ತದೆ, ಹಾಗಾಗಿ ನಮ್ಮ ಕಡಲು ಪೂರ್ತಿ ಕೆಂಪಾಗಿ ಕಾಣುತ್ತದೆ. ಪದರದ ಸೆಟ್ಟಿಂಗ್‌ಗೆ ಹೋಗಿ 25ರಿಂದ 31 ಡಿಗ್ರಿಗೆ ಮಿತಿ ಹಾಕಿ, ಸ್ಕ್ವಾಶ್ ಪ್ಯಾಲೆಟ್ ಒತ್ತಿ. ಆಗ ಒಂದೆರಡು ಡಿಗ್ರಿಯ ವ್ಯತ್ಯಾಸವೂ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬಣ್ಣ ನಿಧಾನವಾಗಿ ಬದಲಾಗುವ ಜಾಗ ಬಿಡಿ. ಥಟ್ಟನೆ ಬದಲಾಗುವ ಗೆರೆ ಹುಡುಕಿ. ಅದೇ ಫ್ರಂಟ್. ಅದನ್ನು ಪೆನ್ಸಿಲ್‌ನಿಂದ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಪಾಚಿಯ ಹಸಿರು ಬಣ್ಣಕ್ಕೆ ಕಾರಣವಾದ ಕ್ಲೋರೊಫಿಲ್‌ನ ಪದರ ತೆರೆಯುವುದು ಇದಾದ ಮೇಲೆ.

ಕ್ಲೋರೊಫಿಲ್ ಅಳೆಯುವುದು ಒಂದು ಘನ ಮೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಅಂತ. ನಡುಗಡಲಿನಲ್ಲಿ 0.1ರ ಆಸುಪಾಸು, ಕರಾವಳಿಯಲ್ಲಿ 1ಕ್ಕಿಂತ ಜಾಸ್ತಿ, ಜೋರಾಗಿ ಬೆಳೆದಾಗ 5, 10 ದಾಟುತ್ತದೆ. ಬಣ್ಣದ ಪಟ್ಟಿಯಲ್ಲಿ ಪ್ರತಿ ಹೆಜ್ಜೆಗೂ ಅಂಕಿ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ನೀಲಿಯಿಂದ ಹಸಿರಿಗೆ ಬಂದರೆ ಪಾಚಿ ಹತ್ತು ಪಟ್ಟು ಆಗಿರಬಹುದು. ಪಟ್ಟಿಯ ಅಂಕಿ ಓದದೆ ಬಣ್ಣ ಮಾತ್ರ ನೋಡಬೇಡಿ.

ಇನ್ನು ದಿನಾಂಕ. ತಣ್ಣೀರು ಇವತ್ತು ಎದ್ದರೆ ಹಸಿರು ಇವತ್ತೇ ಕಾಣುವುದಿಲ್ಲ. ಒಳ್ಳೆ ಗೊಬ್ಬರ ಸಿಕ್ಕ ಡಯಾಟಮ್ ದಿನಕ್ಕೆ ಒಂದು ಸಲದಷ್ಟು ಇಬ್ಭಾಗ ಆಗುತ್ತದೆ. ನಕ್ಷೆಯಲ್ಲಿ ಎದ್ದು ಕಾಣುವಷ್ಟು ಆಗಲು ಕೆಲವು ದಿನ ಬೇಕು, ಒಮ್ಮೊಮ್ಮೆ ವಾರ. ಅಷ್ಟರಲ್ಲಿ ಹರಿವು ಅದನ್ನು ಒಯ್ದಿರುತ್ತದೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹರಿವು ದಕ್ಷಿಣಕ್ಕೆ. ಸೆಕೆಂಡಿಗೆ 20 ಸೆಂಟಿಮೀಟರ್ ಅಂತ ಲೆಕ್ಕ ಹಾಕಿದರೂ ದಿನಕ್ಕೆ 17 ಕಿಲೋಮೀಟರ್, ವಾರಕ್ಕೆ ಸುಮಾರು 120 ಕಿಲೋಮೀಟರ್ ಆಯಿತು. ಮಲ್ಪೆಯ ಎದುರು ಮೊಳಕೆಯೊಡೆದದ್ದು ವಾರದಲ್ಲಿ ಕಾಸರಗೋಡಿನ ಆಚೆ ಇರಬಹುದು. ಅದಕ್ಕೇ ಹಸಿರಿನ ಕಾರಣವನ್ನು ಹಸಿರಿನ ಕೆಳಗೇ ಹುಡುಕಬೇಡಿ. ಒಂದು ವಾರ ಹಿಂದಕ್ಕೆ, ಹರಿವು ಬಂದ ಕಡೆಗೆ ಹೋಗಿ ನೋಡಿ. ವರ್ಲ್ಡ್‌ವ್ಯೂನಲ್ಲಿ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ಸೌಲಭ್ಯ ಇದೆ, ಅದನ್ನು ಬಳಸಿ.

ನಕ್ಷೆ ಎಲ್ಲಿ ದಾರಿ ತಪ್ಪಿಸುತ್ತದೆ

ಜೂನ್, ಜುಲೈನಲ್ಲಿ ಕ್ಲೋರೊಫಿಲ್ ನಕ್ಷೆ ಹೆಚ್ಚುಕಡಿಮೆ ಖಾಲಿ. ಮೋಡದ ಅಡಿಯ ಬಣ್ಣ ಉಪಗ್ರಹಕ್ಕೆ ಕಾಣುವುದಿಲ್ಲ. ಅತಿ ಜಾಸ್ತಿ ಬೆಳೆಯುವ ಕಾಲದಲ್ಲೇ ಅತಿ ಕಡಿಮೆ ಕಾಣುವುದು ನಿಜಕ್ಕೂ ಬೇಸರದ ವಿಷಯ. ಎಂಟು ದಿನದ ಅಥವಾ ತಿಂಗಳ ಸರಾಸರಿ ನಕ್ಷೆ ನೋಡಿದರೆ ಸ್ವಲ್ಪ ತುಂಬಿಕೊಳ್ಳುತ್ತದೆ. ಉಷ್ಣತೆಯ ನಕ್ಷೆ ಮಾತ್ರ ಎಲ್ಲೂ ಖಾಲಿ ಇಲ್ಲದೆ ಕಂಡರೆ ಎಚ್ಚರ ಇರಲಿ. ಅದು ಬೇರೆ ಬೇರೆ ಅಳತೆಗಳಿಂದ ಲೆಕ್ಕ ಹಾಕಿ ತುಂಬಿಸಿದ್ದು. ಮೋಡದ ದಿನಗಳಲ್ಲಿ ಅದರ ಸಣ್ಣ ಗೆರೆಗಳನ್ನು ನಂಬಬೇಡಿ.

ಇನ್ನೊಂದು ತೊಂದರೆ ನಮ್ಮ ಘಟ್ಟದಿಂದಲೇ ಹೋಗುತ್ತದೆ. ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ ಮಂಗಳೂರಿನಲ್ಲಿ ಗುರುಪುರ ನದಿಯ ಜೊತೆ ಕಡಲು ಸೇರುತ್ತದೆ. ಜೋರು ಮಳೆ ಹೊಡೆದ ಮೇಲೆ ಅಳಿವೆಯ ಎದುರು ಕಂದು ನೀರು ಬೀಸಣಿಗೆಯಂತೆ ಹರಡುತ್ತದೆ. ಸಿಹಿನೀರು ಹಗುರ, ಉಪ್ಪು ನೀರಿನ ಮೇಲೆ ತೇಲುತ್ತದೆ. ಅದರ ಅಂಚೂ ಒಂದು ಫ್ರಂಟೇ. ಆ ನೀರಿನ ಕೆಸರನ್ನೂ ಎಲೆ ಕೊಳೆತ ಕಂದು ಬಣ್ಣವನ್ನೂ ಉಪಗ್ರಹದ ಲೆಕ್ಕ ಕ್ಲೋರೊಫಿಲ್ ಅಂತ ತಿಳಿದುಬಿಡಬಹುದು. ಫೋಟೋ ಪದರದಲ್ಲಿ ಕಂದು ಕಂಡ ಜಾಗದಲ್ಲಿ ಕ್ಲೋರೊಫಿಲ್ ಅಂಕಿಯನ್ನು ಬದಿಗಿಡಿ. ಕೆಸರಿನ ಒಳಗೆ ಬೆಳಕಿಲ್ಲ, ಅಲ್ಲಿ ಪಾಚಿ ಕಷ್ಟಪಡುತ್ತದೆ. ಕೆಸರು ತಳಕ್ಕಿಳಿದು ನದಿಯ ಗೊಬ್ಬರ ಇನ್ನೂ ಉಳಿದಿರುವ ಹೊರ ಅಂಚಿನಲ್ಲಿ ಹುಡುಕಿ.

ಹಸಿರು ಅಂದರೆ ಮೀನು ಅಂತಲೂ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಬೆಳೆದ ಪಾಚಿ ಸತ್ತು ಮುಳುಗಿ ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿಯುತ್ತದೆ. ಮೇಲೆ ಮಳೆಯ ಸಿಹಿನೀರಿನ ತೆಳು ಪದರ ಮುಚ್ಚಿರುವುದರಿಂದ ಹೊಸ ಗಾಳಿ ಕೆಳಗೆ ಇಳಿಯುವುದಿಲ್ಲ. ಭಾರತದ ಪಶ್ಚಿಮ ಕರಾವಳಿಯ ಈ ವಲಯ ಜಗತ್ತಿನ ಕರಾವಳಿಗಳಲ್ಲೇ ದೊಡ್ಡ ಕಡಿಮೆ ಆಮ್ಲಜನಕದ ವಲಯಗಳಲ್ಲಿ ಒಂದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದು ತೀವ್ರ. ಆಗ ತಳದ ಮೀನು, ಸಿಗಡಿ ಜಾಗ ಬಿಡುತ್ತವೆ. ನಕ್ಷೆ ಹಸಿರಾಗಿದ್ದರೂ ಬಲೆ ಖಾಲಿ ಬರಬಹುದು. ಮೀನು ಎಲ್ಲಿರಬಹುದು ಅನ್ನುವುದಕ್ಕೆ ಇನ್‌ಕಾಯಿಸ್ ಕೊಡುವ ಸೂಚನೆ ಕನ್ನಡದಲ್ಲೂ ಸಿಗುತ್ತದೆ. ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ ಅಂತ ಅದರಲ್ಲಿರುತ್ತದೆ. ನೀವು ಗುರುತು ಹಾಕಿದ ಗೆರೆಯನ್ನು ಅದರ ಜೊತೆ ಹೋಲಿಸಿ ನೋಡಿ, ಅಭ್ಯಾಸಕ್ಕೆ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಅಭ್ಯಾಸವನ್ನು ಆಗಸ್ಟ್ ಮೇಲೆ ಇಟ್ಟುಕೊಳ್ಳಿ.

ಚಳಿಗಾಲದ ಪಾಠ

ನವೆಂಬರ್‌ನಿಂದ ಹರಿವು ತಿರುಗುತ್ತದೆ, ಈಗ ಉತ್ತರಕ್ಕೆ. ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾ ಸುತ್ತಿ ನಮ್ಮ ಕರಾವಳಿಗೆ ಬರುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ, ಗೊರೂರು ದಾಟಿ, ಕಾವೇರಿ ಸೇರಿದ ಹೇಮಾವತಿಯ ಒಂದಿಷ್ಟು ನೀರಿಗೂ ಈ ದಾರಿ ತೆರೆದಿದೆ. ಗಂಗಾ, ಬ್ರಹ್ಮಪುತ್ರದ ಮುಂದೆ ಅದರ ಪಾಲು ಸಣ್ಣದು. ಆದರೂ ಘಟ್ಟದಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದು ದೇಶ ಸುತ್ತಿ ಮಲ್ಪೆಯ ಎದುರು ಬರಬಹುದು ಅಂತ ಹೇಳಿದ ದಿನ ನನ್ನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ.

ಈ ಹಗುರ ನೀರು ಮೇಲೆ ಕೂತು, ತಣ್ಣೀರಿನ ಪದರ ಕೆಳಕ್ಕಿಳಿದಾಗ ಗೊಬ್ಬರ ದೂರ ಆಗುತ್ತದೆ. ಫೆಬ್ರವರಿಯ ನಕ್ಷೆ ತೆರೆದು ಕರ್ನಾಟಕದ ಎದುರಿನ ಕಡಲನ್ನೂ ಗುಜರಾತಿನ ಆಚೆಯ ಕಡಲನ್ನೂ ಒಟ್ಟಿಗೆ ನೋಡಿ. ಅಲ್ಲಿ ಹಸಿರು ದಟ್ಟ, ಇಲ್ಲಿ ತೆಳು. ಅಲ್ಲಿ ಉತ್ತರದ ಒಣ ಚಳಿಗಾಳಿ ಮೇಲಿನ ನೀರನ್ನೇ ತಣ್ಣಗೆ ಮಾಡುತ್ತದೆ. ತಣ್ಣಗಾದ ನೀರು ಮುಳುಗಿ ಕೆಳಗಿನದನ್ನು ಕಲಕಿ ಮೇಲೆ ತರುತ್ತದೆ. ದಡದ ಅಪ್‌ವೆಲ್ಲಿಂಗ್ ಅಲ್ಲಿ ಬೇಕಿಲ್ಲ.

ನಕ್ಷೆಯ ಜೊತೆ ಕೈಯಿಂದ ಮಾಡುವ ಒಂದು ಅಳತೆಯೂ ಇರಲಿ. 1865ರಲ್ಲಿ ಇಟಲಿಯ ಆಂಜೆಲೊ ಸೆಕಿ ಮೆಡಿಟರೇನಿಯನ್ ಕಡಲಿನಲ್ಲಿ ಬಿಳಿ ತಟ್ಟೆ ಇಳಿಸಿ ನೀರಿನ ತಿಳಿ ಅಳೆದರು. 30 ಸೆಂಟಿಮೀಟರ್ ಅಗಲದ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಬಳಿಯಿರಿ, ನಡುವೆ ತೂತು ಮಾಡಿ ಹಗ್ಗ ಕಟ್ಟಿ, ಅಡಿಗೆ ಭಾರ ಹಾಕಿ, ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ. ಮಧ್ಯಾಹ್ನದ ಹೊತ್ತು, ಬೋಟಿನ ನೆರಳಿರುವ ಬದಿಯಲ್ಲಿ ಇಳಿಸಬೇಕು. ತಟ್ಟೆ ಕಣ್ಣಿಗೆ ಮರೆಯಾದ ಆಳ, ಮತ್ತೆ ಮೇಲೆಳೆಯುವಾಗ ಕಂಡ ಆಳ, ಎರಡರ ಸರಾಸರಿ ಬರೆಯಿರಿ. ತಮ್ಮ ಅಂಥ ತಟ್ಟೆಯನ್ನು ಬೋಟಿನಲ್ಲಿ ಇಟ್ಟುಕೊಂಡಿದ್ದಾನೆ. ಫ್ರಂಟಿನ ಈಚೆ ಒಂದು, ಆಚೆ ಒಂದು ಅಳತೆ ತೆಗೆದು ಫೋನಿನಲ್ಲಿ ಹೇಳುತ್ತಾನೆ. ಇಲ್ಲಿ ಮಕ್ಕಳು ಹಿರೇಕೊಳಲೆ ಕೆರೆಯಲ್ಲಿ ದೊಡ್ಡವರ ಜೊತೆ ಹೋಗಿ ಅದನ್ನೇ ಮಾಡುತ್ತಾರೆ. ಪುಸ್ತಕದಲ್ಲಿ ಕಾಲಂ ಹೀಗೆ ಹಾಕಿಕೊಳ್ಳಿ: ದಿನಾಂಕ, ಗಾಳಿ, ಹರಿವು, ಉಷ್ಣತೆ, ಗೆರೆ ಇರುವ ಜಾಗ, ತಟ್ಟೆಯ ಆಳ, ಕೊನೆಯಲ್ಲಿ ಕ್ಲೋರೊಫಿಲ್. ಕೊನೆಯ ಕಾಲಂ ತುಂಬುವ ಮೊದಲು, ಅದರಲ್ಲಿ ಎಷ್ಟು ಬರಬಹುದು ಅಂತ ಮಕ್ಕಳು ಊಹಿಸಿ ಪೆನ್ಸಿಲ್‌ನಲ್ಲಿ ಬರೆಯಲಿ. ನಕ್ಷೆಯ ಅಂಕಿಯನ್ನು ಅದರ ಪಕ್ಕದಲ್ಲಿ ಪೆನ್ನಿನಲ್ಲಿ ಬರೆಯಿರಿ.